ಕೋಲಾರದ ಗಣಿ ಮತ್ತು ಪ್ರೋಟಾನಿನ ಆಯುಷ್ಯ

ವಿದ್ಯುತ್ಕಾಂತ ಬಲವೂ ದುರ್ಬಲ ಬಲವೂ ಮೂಲತಃ ಒಂದೇ ಎಂಬುದಕ್ಕೆ 1983ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಬಲವಾದ ಪುರಾವೆ ದೊರೆಯಿತು. ಪ್ರಬಲ ಬಲವನ್ನೂ ಇವುಗಳೊಡನೆ ಬೆಸೆಯಲು ಜಾರ್ಜಿ ಮತ್ತು ಗ್ಲಾಶೊ 1974ರಲ್ಲೇ ಮಂಡಿಸಿದ್ದ ಸಿದ್ಧಾಂತ ನಿಜವಾದರೆ, ಚಿರಂಜೀವಿಯೆನಿಸಿದ ಪ್ರೋಟಾನ್ ಕೂಡ ಎಂದಾದರೊಮ್ಮೆ ಕ್ಷಯಿಸಲೇಬೇಕು. ಆ ಕ್ಷಯವನ್ನು ಅರಸಿದ ಮೊದಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ವಿಶ್ವಕಿರಣಗಳ ಅಡಚಣೆ ಅತ್ಯಲ್ಪವಾದ, 2 ಕಿ.ಮೀ.ಗೂ ಮಿಕ್ಕಿದ ಆಳದಲ್ಲಿ, ಸುಮಾರು 140 ಟನ್ ಕಬ್ಬಿಣದ ಶೋಧಕವನ್ನಿಟ್ಟು ಭಾರತ ಮತ್ತು ಜಪಾನಿನ ವಿಜ್ಞಾನಿಗಳು 1980ರಿಂದ ಕಾದರು. ಕೆಲವು ಸುಳಿವುಗಳು ಕಂಡವು. ಬೇರೆಡೆಯ ದೊಡ್ಡ ಪ್ರಯೋಗಗಳು ಅವನ್ನು ದೃಢಪಡಿಸಲಿಲ್ಲ. ಸಿದ್ಧಾಂತದ ಸರಳ ರೂಪವೇ ಬಿದ್ದುಹೋಯಿತು. ಇದನ್ನು ನಾನು ಸೋಲೆನ್ನಲಾರೆ.

2001ರಲ್ಲಿ ಗಣಿ ಮುಚ್ಚಿತು. ಪ್ರಯೋಗಗಳು ಅದಕ್ಕೂ ಮುನ್ನವೇ ನಿಂತಿದ್ದವು. ಅರ್ಥಶಾಸ್ತ್ರ ಓದಿದವನಾಗಿ ಹೇಳುತ್ತೇನೆ: ಚಿನ್ನದ ನಷ್ಟದ ಲೆಕ್ಕ ಸರಿಯಾಗಿಯೇ ಇತ್ತು, ಆ ಆಳಕ್ಕೆ ಬೆಲೆ ಕಟ್ಟುವ ಕಲಮು ಮಾತ್ರ ಲೆಕ್ಕಪುಸ್ತಕದಲ್ಲಿರಲಿಲ್ಲ. ಆ ಪರಂಪರೆಯನ್ನು ಮುಂದುವರಿಸಬೇಕಿದ್ದ, ತಮಿಳುನಾಡಿನ ಥೇಣಿ ಜಿಲ್ಲೆಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಕೇಂದ್ರ ಸಂಪುಟ 2015ರಲ್ಲಿ ಒಪ್ಪಿಗೆಯಿತ್ತರೂ ವಿರೋಧದ ನಡುವೆ ಅದು ಮೇಲೇಳಲೇ ಇಲ್ಲ. ಅಲ್ಲಿನ ಜನರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಊರಿನವರ ಮುಂದೆ ಮೊದಲು ಬಿಚ್ಚಬೇಕಾದ ಕಡತವನ್ನು ಕೊನೆಗೆ ಬಿಚ್ಚುವುದು ನಮ್ಮ ಆಡಳಿತದ ಹಳೆಯ ಚಾಳಿ. ಸೇವೆಯಲ್ಲಿದ್ದಾಗ ನಾನೂ ಅದಕ್ಕೆ ಹೊರತಾಗಿರಲಿಲ್ಲ.