ಕಿಲುಬು ಕಾಸಿಗೂ ಬೆಲೆ ಇದೆ

ಹಳೆ ನಾಣ್ಯಗಳನ್ನ ಉಜ್ಜಿ ಹೊಳೆಸೋದನ್ನ ನಾವು ನಿಲ್ಲಿಸಬೇಕು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದ್ರೆ ದಾಬಸ್‌ಪೇಟೆ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ವಿಕ್ಟೋರಿಯಾ ರಾಣಿ, ಐದನೇ ಜಾರ್ಜ್ ಮುಖ ಇರೋ ಬೆಳ್ಳಿ ರೂಪಾಯಿಗಳು ಬೀರುವಿನಿಂದ ಹೊರಗೆ ಬರ್ತವೆ. ಕಳಶದ ಮುಂದೆ ಇಡೋಕೆ ಮುಂಚೆ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್, ಪೀತಾಂಬರಿ ಪುಡಿ, ಯಾವುದು ಕೈಗೆ ಸಿಗುತ್ತೋ ಅದರಲ್ಲಿ ಉಜ್ಜೋದೇ ಉಜ್ಜೋದು. ಪ್ರತಿ ವರ್ಷ ರಾಣಿಯ ಮೂಗು ಸ್ವಲ್ಪ ಸವೆಯುತ್ತೆ.

ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನಾವೆಲ್ಲ ಕರೋಷನ್ ಓದಿ ಪಾಸಾದವರೇ. ಅದನ್ನೇ ಇಲ್ಲಿಗೆ ಹಚ್ಚಿ ನೋಡೋಣ. ಆ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶೇ. 91.7 ಬೆಳ್ಳಿ. ಗಾಳಿಯಲ್ಲಿರೋ ಗಂಧಕದ ಅನಿಲ ತಾಗಿ ಮೇಲೆ ಸಿಲ್ವರ್ ಸಲ್ಫೈಡ್ ಆಗುತ್ತೆ, ಅದೇ ಕಪ್ಪು. ಅಂದ್ರೆ ಕಪ್ಪಿನ ಒಳಗೂ ಬೆಳ್ಳಿ ಇದೆ. ಉಜ್ಜಿದಾಗ ಹೋಗೋದು ಬರೀ ಕೊಳೆಯಲ್ಲ, ನಾಣ್ಯದ್ದೇ ಒಂದು ಪದರ. ಟೂತ್‌ಪೇಸ್ಟ್‌ನಲ್ಲಿರೋ ಸಿಲಿಕಾ ಬೆಳ್ಳಿಗಿಂತ ಗಟ್ಟಿ, ಹಾಗಾಗಿ ಗೀರು ಗ್ಯಾರಂಟಿ. ಅಡುಗೆ ಸೋಡಾ, ಅಲ್ಯೂಮಿನಿಯಂ ಫಾಯಿಲ್, ಬಿಸಿನೀರಿನ ವಿಧಾನ ವಾಸಿ, ಅದು ಸಲ್ಫೈಡನ್ನ ಮತ್ತೆ ಬೆಳ್ಳಿ ಮಾಡುತ್ತೆ. ಆದ್ರೂ ಮೈ ಮಂಕಾಗಿ ಸಪ್ಪೆ ಕಾಣುತ್ತೆ.

ತಾಮ್ರದ ಕಥೆ ಇನ್ನೂ ಕೆಟ್ಟದ್ದು. ಕಾಲಾಣೆ, 1943ರಿಂದ 47ರವರೆಗೆ ಬಂದ ತೂತಿನ ಕಾಸು, ಇವುಗಳ ಮೇಲಿನ ಗಟ್ಟಿ ಕಂದು ಪದರ ಒಳಗಿನ ಲೋಹವನ್ನ ಕಾಯುತ್ತೆ. ಹುಣಸೆಯ ಆಮ್ಲ ಅದನ್ನ ಕರಗಿಸಿಬಿಡುತ್ತೆ. ಜತೆಗೆ ಉಪ್ಪು ಹಾಕಿದ್ರೆ ಕ್ಲೋರೈಡ್ ಸಣ್ಣ ಸಣ್ಣ ತೂತುಗಳಲ್ಲಿ ಕೂತು, ತೇವ ಸಿಕ್ಕಾಗೆಲ್ಲ ನಾಣ್ಯವನ್ನ ತಿನ್ನೋಕೆ ಶುರುಮಾಡಬಹುದು. ಉದುರೋ ಹಸಿರು ಪುಡಿ ಅದರ ಗುರುತು. ಈ ಕಾಯಿಲೆಯನ್ನೂ, ಕಾಯೋ ಪದರವನ್ನೂ ನಾವು ಕಿಲುಬು ಅಂತ ಒಂದೇ ಹೆಸರಲ್ಲಿ ಕರೆದು ಎರಡನ್ನೂ ಕಿತ್ತು ಹಾಕ್ತೀವಿ, ಸಮಸ್ಯೆ ಇರೋದೇ ಅಲ್ಲಿ.

ದುಡ್ಡಿನ ಲೆಕ್ಕದಲ್ಲೂ ಇದು ನಷ್ಟ. ಪಿಸಿಜಿಎಸ್, ಎನ್‌ಜಿಸಿ ಥರದ ಗ್ರೇಡಿಂಗ್ ಸಂಸ್ಥೆಗಳು ಕೆಟ್ಟದಾಗಿ ತೊಳೆದ ನಾಣ್ಯಕ್ಕೆ ಸಾಮಾನ್ಯವಾಗಿ ಪೂರ್ತಿ ಗ್ರೇಡ್ ಅಂಕ ಕೊಡಲ್ಲ, ಬರೀ 'ಡೀಟೇಲ್ಸ್' ಅಂತ ಬರೀತಾರೆ. ಆದ್ರೆ ನಮಗೆ ದುಡ್ಡಿಗಿಂತ ದೊಡ್ಡದು ಮಾಹಿತಿ. ನಮ್ಮ ತುಮಕೂರು ರಸ್ತೆಯಲ್ಲೇ ಹೋದ್ರೆ ಸಿಗೋ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು ಅಂತ ಹೇಳೋಕೆ ಆಗಿದ್ದು ಮುಖ, ಅಕ್ಷರ ಉಳಿದಿದ್ದರಿಂದ ತಾನೇ? ಯಾರಾದ್ರೂ ಅವನ್ನ ನೂರು ಹಬ್ಬಕ್ಕೆ ಉಜ್ಜಿದ್ರೆ ನಮಗೆ ಸಿಗ್ತಿದ್ದಿದ್ದು 163 ಬೆಳ್ಳಿ ಬಿಲ್ಲೆಗಳು ಅಷ್ಟೇ.

"ಮ್ಯೂಸಿಯಂನವರೂ ತೊಳೀತಾರಲ್ಲ?" ಅಂತ ನೀವು ಕೇಳಬಹುದು. ಹೌದು. ಆದ್ರೆ ಅದನ್ನ ಕಲಿತವರು ಮೈಕ್ರೋಸ್ಕೋಪ್ ಕೆಳಗೆ ಇಟ್ಟು, ಅಕ್ಷರ ಓದೋಕೆ ಆಗುವಷ್ಟು, ಕಾಯಿಲೆ ನಿಲ್ಲುವಷ್ಟು ಮಾತ್ರ ಮಾಡ್ತಾರೆ. ಹೊಳಪು ಅವರ ಗುರಿಯಲ್ಲ.

"ಕಪ್ಪು ನಾಣ್ಯ ದೇವರ ಮುಂದೆ ಇಡೋದಾ?" ಅನ್ನೋ ಅಜ್ಜಿಯ ಪ್ರಶ್ನೆ ಮಾತ್ರ ನಿಜವಾಗ್ಲೂ ಕಷ್ಟದ್ದು. ಆ ನಾಣ್ಯ ಉಳಿದಿದ್ದೇ ಪೂಜೆಯಿಂದ. ಪೂಜೆ ಇಲ್ದಿದ್ರೆ ಯಾವತ್ತೋ ಕರಗಿ ಕಾಲ್ಗೆಜ್ಜೆ ಆಗಿರ್ತಿತ್ತು. ಹಾಗಾಗಿ ಅಜ್ಜಿಗೆ ಕೆಮಿಸ್ಟ್ರಿ ಪಾಠ ಮಾಡೋ ಅಹಂಕಾರ ಬೇಡ. ನಾವು ಹೇಳೋದಿಷ್ಟೇ: ಪೂಜೆಗೆ ಬೇಕಿರೋದು ಶುದ್ಧಿ, ಅದಕ್ಕೆ ನೀರು ಸಾಕು. ಹೊಳಪೂ ಬೇಕು ಅಂದ್ರೆ ಅಂಗಡಿಯಲ್ಲಿ ಸಿಗೋ ಹೊಸ ಲಕ್ಷ್ಮಿ ನಾಣ್ಯ ಒಂದನ್ನ ತಂದು ಅದನ್ನ ಎಷ್ಟು ಬೇಕಾದ್ರೂ ಉಜ್ಜಲಿ. ಅರಿಶಿನ ಕುಂಕುಮವನ್ನೂ ಅದಕ್ಕೇ ಹಚ್ಚಲಿ. ಹಳೇದು ಪಕ್ಕದಲ್ಲಿ ಹಾಗೇ ಕೂರಲಿ.

ಮಣ್ಣು, ಜಿಡ್ಡು ಇದ್ರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಒರೆಸಬೇಡಿ. ಅಂಚಲ್ಲಿ ಹಿಡೀರಿ. ಮೆತ್ತನೆಯ ಪಿವಿಸಿ ಕವರ್‌ನಲ್ಲಿ ಇಡಬೇಡಿ, ಹಸಿರು ಅಂಟು ಬರುತ್ತೆ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ, ನಾಣ್ಯ ಉಜ್ಜೋಕೆ ಮುಂಚೆ ಎರಡೂ ಬದಿ ಒಂದೊಂದು ಫೋಟೋ ತೆಗೀರಿ. ಇಸವಿ ಎಷ್ಟು, ಯಾರ ಕಾಲದಿಂದ ಮನೆಯಲ್ಲಿದೆ ಅಂತ ಅಜ್ಜಿಯನ್ನೇ ಕೇಳಿ ಬರ್ಕೊಳ್ಳಿ. ಆ ಮಾತು ನಡೀವಾಗ ಹುಣಸೆಹಣ್ಣು ತಾನಾಗೇ ಪಕ್ಕಕ್ಕೆ ಸರಿಯುತ್ತೆ ಅನ್ನೋದು ನಮ್ಮ ನಂಬಿಕೆ.