ಅಗ್ಗದ ಟಿಕೇಟು, ದೂರದ ಮಕ್ಕಳು



ಒಂದು ಕಾಲವಿತ್ತು. ಮನೆಯ ಮಗ ವಿದೇಶಕ್ಕೆ ಹೊರಟನೆಂದರೆ ಓಣಿಯ ಜನರೆಲ್ಲ ರೈಲ್ವೆ ಸ್ಟೇಷನ್ನಿಗೆ ಬಂದು ಮಾಲೆ ಹಾಕಿ ಬೀಳ್ಕೊಡುತ್ತಿದ್ದರು. ಮುಂಬಯಿಯವರೆಗೆ ರೈಲು, ಅಲ್ಲಿಂದ ವಿಮಾನ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ದೂರಕ್ಕಿಂತ ಮರಳಿ ಬರುವ ಖರ್ಚೇ ಅವಳನ್ನು ಹೆಚ್ಚು ಹೆದರಿಸುತ್ತಿತ್ತು. ನಾಲ್ಕೈದು ವರ್ಷಕ್ಕೊಮ್ಮೆ ಮಗನ ಮುಖ ಕಂಡರೆ ಅದೇ ಭಾಗ್ಯ. ಇಂದು ಮಗಳ ಬಾಣಂತನಕ್ಕೆಂದು ತಾಯಿ ಅಮೆರಿಕಕ್ಕೆ ಹೋಗಿಬರುವುದು ಧಾರವಾಡ, ದಾವಣಗೆರೆಗಳಲ್ಲಿ ಸುದ್ದಿಯೇ ಅಲ್ಲ. ಈ ಬದಲಾವಣೆ ಹೇಗೆ ಬಂದಿತು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಈ ತಿಂಗಳು ವಿಚಾರಿಸೋಣ.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ವಿದೇಶಿ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಅಂದಿನ ಟಿಕೇಟು 1,720 ರೂಪಾಯಿ. ಹಳ್ಳಿಯ ಶಾಲಾ ಮಾಸ್ತರರ ವರ್ಷದ ಸಂಬಳವನ್ನೂ ಮೀರಿದ ಮೊತ್ತವದು. ಆಗ ವಿಮಾನ ಕಂಪನಿಗಳೆಲ್ಲ 1945ರಲ್ಲಿ ಕಟ್ಟಿಕೊಂಡ ತಮ್ಮ ಅಂತರರಾಷ್ಟ್ರೀಯ ಸಂಘದಲ್ಲಿ ಕೂಡಿ ಕುಳಿತು ದರವನ್ನು ಗೊತ್ತುಪಡಿಸುತ್ತಿದ್ದವು. ಪೈಪೋಟಿಗೆ ಎಡೆಯೇ ಇರಲಿಲ್ಲ.

ಈ ಗೋಡೆಯನ್ನು ಮೊದಲು ಅಲುಗಿಸಿದ್ದು ಯಂತ್ರ, ಆಮೇಲೆ ಮನುಷ್ಯ. 1970ರ ಜನವರಿಯಲ್ಲಿ ಬೋಯಿಂಗ್ 747 ವಿಮಾನವು ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು. ಹಿಂದಿನ ಜೆಟ್ ವಿಮಾನಗಳ ಸುಮಾರು ಎರಡರಷ್ಟು ಜನ ಅದರಲ್ಲಿ ಕೂಡಬಹುದಾಗಿತ್ತು. ಜನ ಹೆಚ್ಚಿದಷ್ಟೂ ತಲಾ ವೆಚ್ಚ ಇಳಿಯಿತು. 1977ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಫ್ರೆಡಿ ಲೇಕರ್ ಎಂಬುವರು 'ಸ್ಕೈಟ್ರೇನ್' ಎಂಬ ವಿಮಾನಸೇವೆ ಆರಂಭಿಸಿ, ಲಂಡನ್ನಿನಿಂದ ನ್ಯೂಯಾರ್ಕಿಗೆ ಕೇವಲ 59 ಪೌಂಡು ಎಂದು ಸಾರಿದರು. ಊಟ ಬೇಕಾದವರು ಬೇರೆ ಹಣ ಕೊಡಬೇಕು. ಟಿಕೇಟಿಗೆ ಜನ ಸಾಲುಗಟ್ಟಿ ನಿಂತರು. ಲೇಕರ್ ಅವರ ಕಂಪನಿ 1982ರ ಫೆಬ್ರವರಿಯಲ್ಲಿ ಮುಳುಗಿತಾದರೂ, ಕಡಿಮೆ ದರಕ್ಕೆ ಹಾತೊರೆಯುವ ಜನಸಮುದ್ರವೇ ಇದೆಯೆಂಬುದು ಲೋಕಕ್ಕೆ ತಿಳಿದುಹೋಯಿತು. 1978ರಲ್ಲಿ ಅಮೆರಿಕವು ತನ್ನ ದೇಶದೊಳಗಿನ ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಲು ಕಾನೂನು ಮಾಡಿತು. ಮುಂದೆ ಯುರೋಪೂ ಅದೇ ದಾರಿ ಹಿಡಿಯಿತು.

ದರ ಇಳಿದಂತೆ ಪ್ರಯಾಣಿಕರ ಸಂಖ್ಯೆ ಮಾತ್ರವಲ್ಲದೆ ಪ್ರಯಾಣದ ಉದ್ದೇಶವೂ ಬದಲಾಯಿತು. ವ್ಯಾಪಾರಿಯು ದರ ಏರಿದರೂ ಹೋಗುತ್ತಾನೆ, ಏಕೆಂದರೆ ಕೆಲಸ ಕಾಯುವುದಿಲ್ಲ. ವಿಹಾರಕ್ಕೆ ಹೊರಟವನು ದರ ನೋಡಿಯೇ ಊರನ್ನು ಆರಿಸುತ್ತಾನೆ. ಲಂಡನ್ ದುಬಾರಿಯಾದರೆ ಸಿಂಗಪುರ ಸಾಕೆನ್ನುತ್ತಾನೆ. ಮಕ್ಕಳನ್ನು ಕಾಣಲು ಹೋಗುವ ತಂದೆತಾಯಿಗಳಿಗಾದರೋ ಊರನ್ನು ಬದಲಿಸುವಂತಿಲ್ಲ, ತಿಂಗಳನ್ನು ಬದಲಿಸಬಹುದು ಅಷ್ಟೆ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಎಣಿಕೆಯಂತೆ 1950ರಲ್ಲಿ ಜಗತ್ತಿನಲ್ಲಿ ಗಡಿ ದಾಟಿದ ಪ್ರವಾಸಗಳು ಸುಮಾರು 2.5 ಕೋಟಿ, 2019ರಲ್ಲಿ ಸುಮಾರು 146 ಕೋಟಿ. ಇದಕ್ಕೆ ಜನರ ಆದಾಯ ಹೆಚ್ಚಿದ್ದೂ ಕಾರಣ. ನಮ್ಮಲ್ಲಿ ವಿದೇಶಿ ವಿನಿಮಯದ ಬಿಗಿ ನಿಯಮಗಳು 2000ದ ನಂತರ ಸಡಿಲಗೊಂಡವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಮುಂಬಯಿ, ಚೆನ್ನೈಗಳ ಅಲೆದಾಟ ಬಹುಮಟ್ಟಿಗೆ ತಪ್ಪಿತು.

ಆದರೆ ಇಳಿದ ದರ ಇಳಿದೇ ಇರುವುದೆಂಬ ಭ್ರಮೆ ಬೇಡ. 2020ರ ಮಹಾಮಾರಿ ವಿಮಾನಗಳನ್ನು ನೆಲಕ್ಕೆ ಕಟ್ಟಿಹಾಕಿತು. ಸಂಚಾರ ಮತ್ತೆ ತೆರೆದಾಗ ದರಗಳು ಗಗನಕ್ಕೇರಿದ್ದವು. ಇನ್ನೊಂದು ಸೂಕ್ಷ್ಮವೂ ಇದೆ. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತವರು ಕೊಟ್ಟ ಹಣ ಒಂದೇ ಆಗಿರುವುದಿಲ್ಲ. ಅಗ್ಗದ ಟಿಕೇಟು ಮೊದಲೇ ಯೋಚಿಸಿದವನಿಗೆ; ತುರ್ತಾಗಿ ಹೊರಟವನಿಗೆ ಸಾಮಾನ್ಯವಾಗಿ ದುಬಾರಿಯದೇ ಗತಿ.

ನಮ್ಮ ಓಣಿಯ ಹಿರಿಯರೊಬ್ಬರು ಲಿಂಗೈಕ್ಯರಾದಾಗ ಅಮೆರಿಕದಲ್ಲಿದ್ದ ಮಗ ಅದೇ ರಾತ್ರಿ ಹೊರಟ. ಎಂದಿಗಿಂತ ಮೂರು ಪಟ್ಟು ಹಣ ತೆತ್ತ. ಅವನು ಬಾಗಿಲಿಗೆ ಬರುವಷ್ಟರಲ್ಲಿ ಸಮಾಧಿಯ ಮೇಲೆ ಮಣ್ಣು ಆರಿತ್ತು. "ಅಪ್ಪ ಹೋದ ದೀಪಾವಳಿಗೇ ಬಾ ಅಂದಿದ್ದರು. ಟಿಕೇಟೂ ಅಗ್ಗವಾಗಿತ್ತು. ರಜೆ ಉಳಿಸೋಣ ಅಂತ ನಾನೇ ಬರಲಿಲ್ಲ" ಎಂದು ಅವನು ಅಂಗಳದಲ್ಲಿ ಕುಳಿತು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

ದೂರದ ಮಕ್ಕಳಿಗೆ ನಮ್ಮ ವಿನಂತಿ ಇಷ್ಟೆ: ದರ ಅನುಕೂಲವಾಗಿರುವಾಗ, ಹಿರಿಯರು ಎದ್ದು ಓಡಾಡುತ್ತಿರುವಾಗ ಬನ್ನಿ. ಅಂತ್ಯದರ್ಶನಕ್ಕೆ ಸುರಿಯುವ ಹಣದಲ್ಲಿ ಎರಡು ಸಲ ಜೊತೆಗೆ ಕುಳಿತು ಉಣ್ಣಬಹುದು.

ಹೊರಡುವ ಹಿರಿಯರಿಗೂ ಒಂದೆರಡು ಮಾತು. ಅಗ್ಗದ ಟಿಕೇಟಿಗೆ ಕಟ್ಟುಪಾಡು ಹೆಚ್ಚು. ರದ್ದು ಮಾಡಿದರೆ ಹಣ ಮರಳುವುದೇ, ಎಷ್ಟು ಕಿಲೋ ಸಾಮಾನು ಒಯ್ಯಬಹುದು, ನಡುವೆ ಇಳಿಯುವ ದೇಶದ ವೀಸಾ ಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ನಡೆಯಲಾಗದವರು ಟಿಕೇಟು ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ತಿಳಿಸಿ. ಔಷಧಿಯನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಟಿಕೇಟಿನಲ್ಲಿ ಉಳಿಸಿದ ಹಣದಲ್ಲಿ ಆರೋಗ್ಯ ವಿಮೆ ಮಾಡಿಸಿ. ಅಮೆರಿಕದಲ್ಲಿ ಆಸ್ಪತ್ರೆಯ ಒಂದು ದಿನದ ಬಿಲ್ಲು ವಿಮಾನದ ದರವನ್ನೂ ಮೀರಬಲ್ಲದು.

ವಿಮಾನ ಅಗ್ಗವಾದುದರಿಂದ ದೂರ ಕಡಿಮೆಯಾಗಿದೆ. ಆ ದೂರವನ್ನು ದಾಟುವ ಮನಸ್ಸನ್ನು ಮಾತ್ರ ನಾವೇ ಮಾಡಬೇಕು.