ವಿಧಾನಸೌಧವನ್ನು ಹಾಯದ ವಿದ್ಯಾನೀತಿ

ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ಕೇಂದ್ರದ ಯೋಜನೆಗೆ ರಾಜ್ಯವು ಸೇರಬೇಕೆ ಬೇಡವೆ ಎಂಬುದನ್ನು ತೀರ್ಮಾನಿಸತಕ್ಕವರು ಯಾರು? 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯಿಂದ ವಿದ್ಯಾಭ್ಯಾಸವು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. ಅಧಿಕಾರವು ಹಂಚಿಹೋಯಿತೇ ಹೊರತು ನಮ್ಮ ಶಾಸನಸಭೆಯ ಕೈಬಿಟ್ಟು ಹೋಗಲಿಲ್ಲ. ಆದರೂ ಅದನ್ನು ಚಲಾಯಿಸುತ್ತಿರುವುದು ಕಚೇರಿಯ ಆದೇಶಗಳು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದ ಮೊದಲ ರಾಜ್ಯವೆಂದು 2021ರ ಆಗಸ್ಟಿನಲ್ಲಿ ಕರ್ನಾಟಕ ಹೆಮ್ಮೆಪಟ್ಟಿತು. ಅಂದು ಸೇರಿದ್ದು ಆದೇಶದಿಂದ. 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿಗೆ ಮರಳಿದ್ದೂ ಆದೇಶದಿಂದಲೇ. ನಡುವೆ ಕಾಲೇಜು ಸೇರಿದ ಮೂರು ತಂಡದ ವಿದ್ಯಾರ್ಥಿಗಳು ಒಂದು ಕ್ರಮದವರು, ಅವರ ಹಿಂದುಮುಂದಿನವರು ಬೇರೆ ಕ್ರಮದವರು. ಬಸವನಗುಡಿ, ಮಲ್ಲೇಶ್ವರಗಳ ಕಾಲೇಜುಗಳಲ್ಲಿ ಬೆಳಗಿನ ತರಗತಿಗೊಂದು ಪಠ್ಯಕ್ರಮ, ಮಧ್ಯಾಹ್ನದ ತರಗತಿಗೊಂದು ಎಂಬಂತೆ ಅಧ್ಯಾಪಕರು ಪಾಠ ಹೇಳಬೇಕಾಯಿತು.

ಕನ್ನಡಕ್ಕೆ ಒದಗಿದ ಗತಿಯನ್ನು ನೋಡಿ. ಆ ನೀತಿಯ ಹೆಸರಿನಲ್ಲಿಯೇ ಪದವಿ ತರಗತಿಗಳಲ್ಲಿ ಕನ್ನಡವನ್ನು ಕಡ್ಡಾಯಮಾಡಲಾಯಿತು. ನೀತಿಯಲ್ಲಿ ಅಂಥ ಕಡ್ಡಾಯವಿಲ್ಲವೆಂದು ಕೇಂದ್ರವೇ ಉಚ್ಚ ನ್ಯಾಯಾಲಯದಲ್ಲಿ ಹೇಳಿತು; 2022ರ ಏಪ್ರಿಲಿನಲ್ಲಿ ನ್ಯಾಯಾಲಯವು ಕಡ್ಡಾಯವನ್ನು ತಡೆಯಿತು. ಕನ್ನಡವನ್ನು ಪರರ ನೀತಿಯ ಆಸರೆಯಲ್ಲಿ ನಿಲ್ಲಿಸುವ ಬದಲು ನಮ್ಮದೇ ಕಾಯಿದೆಯ ಮೇಲೆ ನಿಲ್ಲಿಸಿದ್ದರೆ ವಾದಕ್ಕಾದರೂ ನೆಲವಿರುತ್ತಿತ್ತು.

ಇನ್ನು ಪಿಎಂ ಶ್ರೀ ಶಾಲೆಗಳು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ ಸೇರುವ ರಾಜ್ಯವು ಶಿಕ್ಷಣ ನೀತಿಯನ್ನು ಅಂಗೀಕರಿಸಿ ಸಹಿ ಹಾಕಬೇಕು. ನಮ್ಮಲ್ಲಿ ನೀತಿಯನ್ನು ಕೈಬಿಟ್ಟುದಾಗಿದೆ, ಶಾಲೆಗಳು ಯೋಜನೆಯಲ್ಲಿವೆ! ಸಹಿಗೆ ಒಪ್ಪದ ತಮಿಳುನಾಡಿಗೆ ಸಮಗ್ರ ಶಿಕ್ಷಣದ ಹಣವನ್ನು ಕೇಂದ್ರವು ತಡೆಹಿಡಿದು, ವ್ಯಾಜ್ಯ 2025ರಲ್ಲಿ ಸುಪ್ರೀಂ ಕೋರ್ಟನ್ನು ಮುಟ್ಟಿತು. ಕೇರಳವು 2025ರ ಅಕ್ಟೋಬರಿನಲ್ಲಿ ಸಹಿ ಹಾಕಿ, ಮಿತ್ರಪಕ್ಷವೇ ಮುನಿದಾಗ, ಅದೇ ತಿಂಗಳು ತಡೆದು ನಿಂತಿತು. ಮಕ್ಕಳ ಹಣವನ್ನು ಒತ್ತೆಯಿಟ್ಟು ಸಹಿ ಕೇಳುವುದು ಕೇಂದ್ರಕ್ಕೆ ಶೋಭಿಸುವುದಿಲ್ಲ. ಸಭೆಗೆ ತಿಳಿಸದೆ ಸಹಿ ಹಾಕುವುದೂ ರಾಜ್ಯಗಳಿಗೆ ಒಪ್ಪುವುದಿಲ್ಲ.

ಶಾಸನ ನಿಧಾನವೆಂದು ಅಧಿಕಾರಿಗಳು ಹೇಳಬಹುದು. ನಿಧಾನವೇ ಬೇಕಾಗಿದೆ. ನಮ್ಮ ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ, 7 ಪದವೀಧರರ ಕ್ಷೇತ್ರಗಳಿಗೆ ಮೀಸಲಾಗಿವೆ. ಇಂಥ ಮಾತಿಗಲ್ಲದೆ ಮತ್ತಾವುದಕ್ಕೆ? ಸುಖದೇವ್ ಥೋರಟ್ ಆಯೋಗವು 2025ರ ಆಗಸ್ಟಿನಲ್ಲಿ ರಾಜ್ಯಕ್ಕೊಪ್ಪಿಸಿದ ವರದಿ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ ದ್ವಿಭಾಷಾ ಕ್ರಮವನ್ನೂ ಶಿಫಾರಸು ಮಾಡಿದೆ. ಅದನ್ನು ಆಧರಿಸಿ ಸರ್ಕಾರ ಏನು ಮಾಡುವುದಾದರೂ ಮಸೂದೆಯನ್ನೇ ತರಲಿ. ಕೇಂದ್ರದ ಯೋಜನೆಗಳಿಗೆ ಸೇರುವ, ಬಿಡುವ ವಿಧಾನವನ್ನೂ ಅದರಲ್ಲಿಯೇ ಬರೆಯಲಿ, ಒಮ್ಮೆ ಪ್ರವೇಶ ಪಡೆದ ವಿದ್ಯಾರ್ಥಿಗೆ ಅದೇ ಕ್ರಮದಲ್ಲಿ ಓದು ಮುಗಿಸುವ ಹಕ್ಕನ್ನು ಸೇರಿಸಿ.